ಜನಜಂಗುಳಿ ಇಲ್ಲದ ಬೇಸಿಗೆ ಪ್ರವಾಸ: ಜಾಗ ಹುಡುಕುವುದು ಹೇಗೆ? ಬಸ್ರೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ

ಏಪ್ರಿಲ್ ಬಂತೆಂದರೆ ಮಕ್ಕಳಿಗೆ ರಜೆ. ಮನೆಯಲ್ಲಿ ಒಂದೇ ಪ್ರಶ್ನೆ: ಈ ಸಲ ಎಲ್ಲಿಗೆ? ಉತ್ತರವೂ ಬಹುತೇಕ ಒಂದೇ. ಊಟಿ, ಕೊಡಗು, ಚಿಕ್ಕಮಗಳೂರು, ಇಲ್ಲವೆಂದರೆ ಗೋಕರ್ಣ, ಮುರ್ಡೇಶ್ವರ. ಸ್ವಲ್ಪ ಹಣ ಕೂಡಿಟ್ಟವರು ಪ್ಯಾರಿಸ್, ವೆನಿಸ್ ಎನ್ನುತ್ತಾರೆ. ಹೋದಮೇಲೆ ದೂರುವುದೂ ಒಂದನ್ನೇ: "ಕಾಲಿಡಲು ಜಾಗವಿರಲಿಲ್ಲ."

"ಜನ ಕಡಿಮೆ ಇರುವ ಒಳ್ಳೆಯ ಜಾಗ ಹೇಳಿ" ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವುದು ಹತ್ತು ಹೆಸರುಗಳ ಪಟ್ಟಿ. ಪಟ್ಟಿಯಲ್ಲೊಂದು ತೊಂದರೆಯಿದೆ. ಹೆಚ್ಚು ಜನ ಓದಿದಷ್ಟೂ ಅದು ಸುಳ್ಳಾಗುತ್ತಾ ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಪಟ್ಟಿ ಕೊಡುವ ಬದಲು, ಜನ ಒಂದೇ ಕಡೆ ಏಕೆ ಸೇರುತ್ತಾರೆ, ಸೇರದ ಜಾಗವನ್ನು ನಾವೇ ಹೇಗೆ ಹುಡುಕಬಹುದು, ಅಂಥ ಜಾಗಕ್ಕೆ ಹೋದಾಗ ಯಾವುದರ ಬಗ್ಗೆ ಎಚ್ಚರವಿರಬೇಕು ಎಂಬುದನ್ನು ನೋಡೋಣ. ಉದಾಹರಣೆಗೆ ಒಂದು ಊರು ಬೇಕು. ಕುಂದಾಪುರದ ಪಕ್ಕದ ಬಸ್ರೂರನ್ನು ತೆಗೆದುಕೊಳ್ಳೋಣ.

ನಂಬಿಕೆ 1: "ಜನ ಬರುವುದಿಲ್ಲ ಎಂದರೆ ಅಲ್ಲಿ ನೋಡಲು ಏನೂ ಇಲ್ಲ"

ಇದು ಅರ್ಧ ಸತ್ಯವೂ ಅಲ್ಲ. ಸಂಶೋಧಕರಾದ ಸಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದೆ ಇಡಲಾಯಿತು. ಒಂದು ಗುಂಪಿನವರು ಹಾಡನ್ನು ಕೇಳಿ ತಮಗೆ ತೋಚಿದಂತೆ ಆರಿಸಿದರು. ಉಳಿದ ಗುಂಪುಗಳವರಿಗೆ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಎಂಬ ಲೆಕ್ಕ ಕಾಣಿಸುತ್ತಿತ್ತು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಮತ್ತು ಸೋತ ಹಾಡಿನ ನಡುವಿನ ಅಂತರ ದೊಡ್ಡದಾಯಿತು. ಮಾತ್ರವಲ್ಲ, ಒಂದು ಗುಂಪಿನಲ್ಲಿ ಗೆದ್ದ ಹಾಡೇ ಇನ್ನೊಂದರಲ್ಲಿ ಗೆಲ್ಲಲಿಲ್ಲ. ತೀರಾ ಒಳ್ಳೆಯ ಹಾಡು ಪೂರ್ತಿ ಸೋತದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವಿನ ಹಾಡುಗಳ ಹಣೆಬರಹ ಮಾತ್ರ ಮೊದಲು ಯಾರು ಏನು ಆರಿಸಿದರು ಎಂಬುದರ ಮೇಲೆ ನಿಂತಿತ್ತು.

ಊರುಗಳ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಒಂದು ಕಡಲತೀರದ ಚಿತ್ರವನ್ನು ಹತ್ತು ಜನ ಹಾಕುತ್ತಾರೆ, ಅದನ್ನು ನೋಡಿ ನೂರು ಜನ ಹೋಗುತ್ತಾರೆ, ನೂರು ಜನ ಹೋದ ಕಡೆ ಹೋಟೆಲು ಏಳುತ್ತದೆ, ಹೋಟೆಲು ಇರುವ ಕಡೆಗೆ ಸಾವಿರ ಜನ ಬರುತ್ತಾರೆ. ಜನಸಂದಣಿ ಆ ಜಾಗ ತೀರಾ ಕೆಟ್ಟದ್ದಲ್ಲ ಎಂದು ಹೇಳಬಹುದು. ಆದರೆ ಪಕ್ಕದ ಜಾಗ ಅದಕ್ಕಿಂತ ಕಡಿಮೆಯದು ಎಂದು ಹೇಳಲಾರದು.

ಬಸ್ರೂರನ್ನೇ ನೋಡಿ. ವಾರಾಹಿ ನದಿಯ ದಡದ ಈ ಊರು ಕುಂದಾಪುರ ಪೇಟೆಯಿಂದ ಹತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ ಇದನ್ನು 'ಅಬೂ ಸರೂರ್' ಎಂದು ಕರೆದಿದ್ದಾನೆ. ಪೋರ್ಚುಗೀಸರಿಗೆ ಇದು 'ಬಾರ್ಸೆಲೋರ್'. ಇಲ್ಲಿಯ ಅಕ್ಕಿಗಾಗಿ ಅವರು ಹಾತೊರೆದರು, 1569ರಲ್ಲಿ ಇಲ್ಲಿ ನೆಲೆ ಹಿಡಿದು ಕೋಟೆ ಕಟ್ಟಿದರು. 1623ರಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಪೋರ್ಚುಗೀಸರ 'ಕೆಳ ಬಾರ್ಸೆಲೋರ್' ಬೇರೆ, ಊರವರ 'ಮೇಲಿನ ಬಾರ್ಸೆಲೋರ್' ಬೇರೆ ಎಂದು ಗುರುತಿಸಿದ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರನ್ನು ಇಲ್ಲಿಂದ ಹೊರಹಾಕಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳೊಂದಿಗೆ ಕಡಲ ಹಾದಿಯಲ್ಲಿ ಬಂದು ದಾಳಿ ಮಾಡಿದ್ದೂ ಇದೇ ಊರಿನ ಮೇಲೆ. ಹಣವಿಲ್ಲದ ಊರನ್ನು ಯಾರೂ ಅಷ್ಟು ದೂರದಿಂದ ಬಂದು ದೋಚುವುದಿಲ್ಲ.

ಆ ಕಾಲದ ಗುರುತು ಕೇರಿಗಳ ಹೆಸರಿನಲ್ಲೇ ಉಳಿದಿದೆ. ಮಂಡಿಕೇರಿ ಎಂದರೆ ಸಗಟು ವ್ಯಾಪಾರದ ನೆನಪು, ರಾವುತಕೇರಿ ಎಂದರೆ ಕುದುರೆ ಸವಾರರ ನೆನಪು. ಜೊತೆಗೆ ವಿಲಾಸಕೇರಿ, ಮೂಡುಕೇರಿ. ಮಹಾಲಿಂಗೇಶ್ವರ ದೇವಸ್ಥಾನವಿದೆ, ಶಾಸನಗಳಿವೆ, ಮರದ ಬೇರುಗಳ ಹಿಡಿತದಲ್ಲಿ ನಿಂತಿರುವ ತುಳುವೇಶ್ವರನ ಹಳೆಯ ಗುಡಿಯಿದೆ. ಆದರೂ ಮರವಂತೆಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುವವರಲ್ಲಿ ಬಹಳ ಜನ ಈ ಕಡೆ ತಿರುಗುವುದಿಲ್ಲ.

ಹಾಗಿದ್ದರೆ ಬಸ್ರೂರು ತಪ್ಪಿಹೋದದ್ದೇಕೆ?

ದಾರಿ ಬದಲಾಯಿತು, ಅಷ್ಟೆ. ಹಿಂದೆ ಸರಕು ಸಾಗುತ್ತಿದ್ದದ್ದು ನೀರಿನ ಮೇಲೆ. ಕಡಲಿನಿಂದ ಸ್ವಲ್ಪ ಒಳಗೆ, ನದಿಯ ದಡದಲ್ಲಿದ್ದ ಊರು ಬಿರುಗಾಳಿಯಿಂದ ದೂರ, ಘಟ್ಟದ ಹಾದಿಗೆ ಹತ್ತಿರ. ಹಾಗಾಗಿ ಬಸ್ರೂರು, ಬಾರ್ಕೂರು ಎರಡೂ ನದಿಯ ಊರುಗಳು. ಆಮೇಲೆ ವ್ಯಾಪಾರ ಮಂಗಳೂರಿನಂಥ ಬಂದರುಗಳಿಗೆ ಸರಿಯಿತು. ಇಂದು ಪ್ರವಾಸಿಗರು ಸಾಗುವುದು ಕಡಲಿಗೆ ಅಂಟಿಕೊಂಡ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ ಇರುವ ಮರವಂತೆ ಆ ಹೆದ್ದಾರಿಯ ಮೇಲೆಯೇ ಇದೆ. ಬಸ್ರೂರು ಇಲ್ಲ.

ಇದರಿಂದ ಒಂದು ಸೂತ್ರ ಸಿಗುತ್ತದೆ: ಹಿಂದಿನ ದಾರಿಯ ಮೇಲೆ ಇದ್ದು, ಇಂದಿನ ದಾರಿಯಿಂದ ತಪ್ಪಿದ ಊರು ಹುಡುಕಿ. ಅಲ್ಲಿ ನೋಡುವುದು ಇರುತ್ತದೆ, ನೂಕುನುಗ್ಗಲು ಇರುವುದಿಲ್ಲ. ಯುರೋಪಿಗೂ ಇದು ಹೊಂದುತ್ತದೆ. ವೆನಿಸ್ ನಗರ 2024ರ ಏಪ್ರಿಲ್ 25ರಿಂದ, ನಿಗದಿತ ದಿನಗಳಲ್ಲಿ ಒಂದು ದಿನದ ಮಟ್ಟಿಗೆ ಬಂದುಹೋಗುವವರ ಮೇಲೆ 5 ಯೂರೊ ಪ್ರವೇಶ ಶುಲ್ಕ ಹಾಕಿತು. ಅದೇ ಹಿನ್ನೀರಿನ ದಕ್ಷಿಣ ತುದಿಯಲ್ಲಿ ಕಿಯೋಜಾ ಎಂಬ ಮೀನುಗಾರರ ಪಟ್ಟಣವಿದೆ. ಅಲ್ಲೂ ಕಾಲುವೆ, ಅಲ್ಲೂ ಸೇತುವೆ, ಜನ ಮಾತ್ರ ಬಹಳ ಕಡಿಮೆ.

ನಂಬಿಕೆ 2: "ಬೇಸಿಗೆಗೆ ಗಿರಿಧಾಮವೇ ಸರಿ, ಕರಾವಳಿಗೆ ಹೋಗಬಾರದು"

ಇದರಲ್ಲಿ ನಿಜವಿದೆ, ಆದರೆ ಲೆಕ್ಕ ಹಾಕಿ ನೋಡಬೇಕು. ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಾಪಮಾನ ಇಳಿಯುತ್ತದೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಸಮುದ್ರಮಟ್ಟಕ್ಕಿಂತ ಸುಮಾರು 14 ಡಿಗ್ರಿ ತಂಪು. ಆಗುಂಬೆ ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಎತ್ತರದಲ್ಲಿದೆ. ಅಲ್ಲಿ ಸಿಗುವ ಲಾಭ ನಾಲ್ಕು ಡಿಗ್ರಿಯಷ್ಟು. 'ಗಿರಿಧಾಮ' ಎಂಬ ಹೆಸರಿದ್ದ ಮಾತ್ರಕ್ಕೆ ತಂಪು ಇರುವುದಿಲ್ಲ, ಎತ್ತರ ಎಷ್ಟು ಎಂದು ನೋಡಿ.

ಕರಾವಳಿಯ ಕಷ್ಟ ಬಿಸಿಲಿಗಿಂತ ಹೆಚ್ಚಾಗಿ ಗಾಳಿಯ ತೇವದ್ದು. ಮೈ ತಣಿಯುವುದು ಬೆವರು ಆರಿದಾಗ. ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿದ್ದರೆ ಬೆವರು ಆರುವುದಿಲ್ಲ, ಮೈಮೇಲೆ ಇಳಿಯುತ್ತದೆ. ಹವಾಮಾನ ತಜ್ಞರು ಬಳಸುವ ಶಾಖ ಸೂಚ್ಯಂಕದ ಪ್ರಕಾರ 32 ಡಿಗ್ರಿ ಬಿಸಿಲಿನಲ್ಲಿ ಆರ್ದ್ರತೆ ಶೇ 40 ಇದ್ದರೆ ಮೈಗೆ 33 ಡಿಗ್ರಿಯಂತೆ ಅನಿಸುತ್ತದೆ. ಅದೇ 32 ಡಿಗ್ರಿಯಲ್ಲಿ ಆರ್ದ್ರತೆ ಶೇ 70 ಆದರೆ 41 ಡಿಗ್ರಿಯಂತೆ ಅನಿಸುತ್ತದೆ. ಕುಂದಾಪುರದ ಮೇ ತಿಂಗಳ ಸೆಕೆಯ ಗುಟ್ಟು ಇದೇ. ಥರ್ಮಾಮೀಟರ್ ನೋಡಿ "ನಮ್ಮ ಕಲಬುರಗಿಗಿಂತ ಇಲ್ಲಿ ಕಡಿಮೆಯಲ್ಲವೇ" ಎಂದುಕೊಂಡು ಮಧ್ಯಾಹ್ನ ಒಂದಕ್ಕೆ ತಿರುಗಲು ಹೊರಟವರು ಸೋಲುವುದು ಇಲ್ಲಿಯೇ.

ಆದರೆ ಕರಾವಳಿಗೆ ತನ್ನದೇ ಫ್ಯಾನ್ ಕೂಡ ಇದೆ. ನೀರನ್ನು ಬಿಸಿ ಮಾಡಲು ಮಣ್ಣಿಗಿಂತ ಹಲವು ಪಟ್ಟು ಹೆಚ್ಚು ಶಾಖ ಬೇಕು. ಹಾಗಾಗಿ ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಬೆಳಗ್ಗೆ ಹೊತ್ತೇರಿದ ಮೇಲೆ ಶುರುವಾಗುವ ಈ ಕಡಲಗಾಳಿ ಸಂಜೆವರೆಗೂ ಬೀಸುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕರಾವಳಿ ನೋಡುವ ಕ್ರಮ ಹೀಗಿರಲಿ: ಬೆಳಗ್ಗೆ ಆರರಿಂದ ಹತ್ತರವರೆಗೆ ಒಳಗಿನ ಊರು, ಮಧ್ಯಾಹ್ನ ನೆರಳು ಮತ್ತು ನಿದ್ದೆ, ಸಂಜೆ ನಾಲ್ಕರ ಮೇಲೆ ಕಡಲು. ಬಾಯಾರಿಕೆಯಾಗುವವರೆಗೆ ಕಾಯದೆ ಬೊಂಡ, ಮಜ್ಜಿಗೆ, ಪುನರ್ಪುಳಿ ಶರಬತ್ತು ಕುಡಿಯುತ್ತಿರಿ.

"ಯುರೋಪ್ ಬೇಸಿಗೆಯಲ್ಲೂ ತಂಪು" ಎಂಬುದೂ ಇದೇ ಜಾತಿಯ ನಂಬಿಕೆ. 2003ರ ಬೇಸಿಗೆಯ ಬಿಸಿಗಾಳಿಗೆ ಯುರೋಪಿನಲ್ಲಿ ಸುಮಾರು 70,000 ಹೆಚ್ಚುವರಿ ಸಾವುಗಳಾದವು ಎಂದು ಅಂದಾಜು. 2023ರ ಜುಲೈಯಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಅನ್ನು ಬಿಸಿಲಿನ ಕಾರಣಕ್ಕೆ ನಡುಹಗಲಿನಲ್ಲಿ ಮುಚ್ಚಬೇಕಾಯಿತು. ಅಲ್ಲಿಗೆ ಹೋಗುವವರು ಜುಲೈ, ಆಗಸ್ಟ್ ಬಿಟ್ಟು ಮೇ ತಿಂಗಳು ಅಥವಾ ಸೆಪ್ಟೆಂಬರ್ ಆರಿಸಿಕೊಂಡರೆ ಜನವೂ ಕಡಿಮೆ, ಬಿಸಿಲೂ ಕಡಿಮೆ.

ನಂಬಿಕೆ 3: "ಜನರಿಲ್ಲದ ಬೀಚ್ ನೆಮ್ಮದಿಯ ಬೀಚ್"

ನೋಡಲು ನೆಮ್ಮದಿ. ಈಜಲು ಅಲ್ಲ. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ಎಲ್ಲರಿಗೂ ಗೊತ್ತಿರುವ, ಜನ ಓಡಾಡುವ ತೀರ. ಹೆಸರಿಲ್ಲದ ತೀರದಲ್ಲಿ ಜೀವರಕ್ಷಕರಿಲ್ಲ, ಎಚ್ಚರಿಕೆಯ ಬಾವುಟವಿಲ್ಲ, ಕೂಗಿದರೆ ಕೇಳುವವರೂ ಇಲ್ಲದಿರಬಹುದು.

ಇಲ್ಲಿ ಮುಖ್ಯ ಅಪಾಯ ಅಲೆಯದ್ದಲ್ಲ, ಹಿಂದಕ್ಕೆ ಸೆಳೆಯುವ ನೀರಿನದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ಒಂದು ಕಡೆ ಕಡಲಿಗೆ ವಾಪಸಾಗಬೇಕು. ಅದು ಮರಳಿನ ದಿಬ್ಬಗಳ ನಡುವಿನ ಕಿಂಡಿಯಲ್ಲಿ ಒಟ್ಟಾಗಿ ರಭಸದಿಂದ ಹರಿಯುತ್ತದೆ. ಮೋಸವೆಂದರೆ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಗೊತ್ತಿಲ್ಲದವರಿಗೆ ಅದೇ ಶಾಂತವಾದ ಜಾಗದಂತೆ ಕಾಣುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಲು ಹೆಣಗಬೇಡಿ, ಎಂಥ ಈಜುಗಾರನೂ ಸುಸ್ತಾಗುತ್ತಾನೆ. ತೇಲಿಕೊಂಡಿದ್ದು ಕೈ ಎತ್ತಿ ಕೂಗಿ, ಈಜಲು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಬೇರೆಯವರು ಸಿಕ್ಕಿಕೊಂಡಿದ್ದರೆ ನೀವೂ ನೀರಿಗೆ ಹಾರಬೇಡಿ. ತೇಲುವ ವಸ್ತು ಎಸೆಯಿರಿ, 112ಕ್ಕೆ ಕರೆ ಮಾಡಿ.

ಅಳಿವೆಗಳು, ಅಂದರೆ ನದಿ ಕಡಲಿಗೆ ಸೇರುವ ಬಾಯಿಗಳು, ಇನ್ನೂ ಅಪಾಯದವು. ಗಂಗೊಳ್ಳಿ ಮತ್ತು ಕೋಡಿಯ ನಡುವಿನ ಅಳಿವೆಯಲ್ಲಿ ಐದು ನದಿಗಳ ನೀರು ಕಡಲು ಸೇರುತ್ತದೆ. ಪಂಚಗಂಗಾವಳಿ ಎಂಬ ಹೆಸರು ಬಂದದ್ದೇ ಹಾಗೆ. ಇಳಿತದ ಹೊತ್ತಿನಲ್ಲಿ ನದಿಯ ಹರಿವೂ ಇಳಿತದ ಸೆಳೆತವೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಭರತ ಮತ್ತು ಇಳಿತ ದಿನಕ್ಕೆ ಎರಡು ಸಲ ಬರುತ್ತವೆ, ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಸಂಜೆ ಐದಕ್ಕೆ ಮೊಣಕಾಲುದ್ದ ನೀರಿದ್ದ ಜಾಗ ಇವತ್ತು ಐದಕ್ಕೆ ಹಾಗೇ ಇರುತ್ತದೆ ಎಂದು ನಂಬಬೇಡಿ. ಅಲ್ಲಿಯ ಮೀನುಗಾರರನ್ನು ಕೇಳಿ. "ಇಳಿಬೇಡಿ" ಎಂದರೆ ಇಳಿಯಬೇಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನಕ್ಕೆ ಬಿಡುವು ಕೊಡುವ ಆ ತಿಂಗಳುಗಳಲ್ಲೇ ಮಳೆಗಾಲದ ಕಡಲೂ ಕೆರಳಿರುತ್ತದೆ. ಕಡಲನ್ನೇ ನಂಬಿದವರು ದಡದಲ್ಲಿರುವ ಕಾಲದಲ್ಲಿ ನಾವೂ ದಡದಲ್ಲೇ ಇರುವುದು ಲೇಸು.

ನಂಬಿಕೆ 4: "ಜನ ಕಡಿಮೆ ಎಂದರೆ ಖರ್ಚೂ ಕಡಿಮೆ"

ಕೋಣೆಯ ಬಾಡಿಗೆ ಕಡಿಮೆ ಇರಬಹುದು, ಓಡಾಟ ದುಬಾರಿಯಾಗಬಹುದು. ಹೆಸರುವಾಸಿ ಊರಿಗೆ ನೇರ ಬಸ್ಸಿರುತ್ತದೆ, ಒಳಗಿನ ಊರಿಗೆ ರಿಕ್ಷಾ ಮಾಡಬೇಕಾಗುತ್ತದೆ. ಹಾಗಾಗಿ ರೈಲು ಅಥವಾ ಬಸ್ಸಿನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗಿನ ಊರುಗಳನ್ನು ಆರಿಸಿದರೆ ಲೆಕ್ಕ ಸರಿಹೋಗುತ್ತದೆ. ಬಸ್ರೂರಿಗೆ ಈ ಅನುಕೂಲವಿದೆ. ಕೊಂಕಣ ರೈಲ್ವೆಯ 'ಕುಂದಾಪುರ' ನಿಲ್ದಾಣ ನಿಜವಾಗಿ ಇರುವುದು ಮೂಡ್ಲಕಟ್ಟೆಯಲ್ಲಿ, ಕುಂದಾಪುರ ಪೇಟೆಯಿಂದ ಹೊರಗೆ, ಬಸ್ರೂರಿನ ಪಕ್ಕದಲ್ಲಿ. ಅದೇ ಮಾರ್ಗದಲ್ಲಿ ಬಾರ್ಕೂರು, ಸೇನಾಪುರ, ಬಿಜೂರು, ಶಿರೂರು ಎಂಬ ಸಣ್ಣ ನಿಲ್ದಾಣಗಳಿವೆ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಕೊಂಡು ಹೊರಡಿ.

ನಂಬಿಕೆ 5: "ನಾವು ಹೋದರೆ ಊರಿಗೆ ಒಳ್ಳೆಯದೇ"

ಆಗಬಹುದು, ಆಗದೆಯೂ ಇರಬಹುದು. ಭೂಗೋಳ ತಜ್ಞ ರಿಚರ್ಡ್ ಬಟ್ಲರ್ 1980ರಲ್ಲಿ ಪ್ರವಾಸಿ ತಾಣಗಳ ಬದುಕನ್ನು ಹಂತಗಳಾಗಿ ವಿವರಿಸಿದರು. ಮೊದಲು ಬೆರಳೆಣಿಕೆಯ ಜನ ಹುಡುಕಿಕೊಂಡು ಬರುತ್ತಾರೆ. ಆಮೇಲೆ ಊರವರು ಊಟ, ವಸತಿ ಕೊಡಲು ತೊಡಗುತ್ತಾರೆ. ನಂತರ ಹೊರಗಿನ ಬಂಡವಾಳ ಬರುತ್ತದೆ, ಜನ ಉಕ್ಕುತ್ತಾರೆ. ಒಂದು ಹಂತದಲ್ಲಿ ಊರು ತಾಳಿಕೊಳ್ಳುವ ಮಿತಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಇಳಿಯುತ್ತದೆ, ಇಲ್ಲವೇ ಹೊಸದಾಗಿ ಚಿಗುರುತ್ತದೆ. ನಮ್ಮಲ್ಲೂ ಮಿತಿ ಮುಟ್ಟಿದ ಉದಾಹರಣೆ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಚಾರಣಿಗರ ಸಾಲು ಕಂಡ ಬಳಿಕ ಸರ್ಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿತು, ನಂತರ ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಮತ್ತು ಆನ್‌ಲೈನ್ ಬುಕಿಂಗ್ ತಂದಿತು.

ಕರಾವಳಿಯ ಊರುಗಳಿಗೆ ಬೇಸಿಗೆಯಲ್ಲಿ ಮಿತಿ ಹಾಕುವುದು ಕುಡಿಯುವ ನೀರು. ಕಡಲಂಚಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಏಕೆಂದರೆ ಉಪ್ಪುನೀರು ಹೆಚ್ಚು ಭಾರ. ಎರಡರ ತೂಕದ ವ್ಯತ್ಯಾಸದಿಂದ ಲೆಕ್ಕ ಹಾಕಿದರೆ, ಅಂತರ್ಜಲ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ಮೇಲಿನ ಮಟ್ಟ ಅರ್ಧ ಮೀಟರ್ ಇಳಿದು ಹಾಗೇ ನಿಂತರೆ, ಕೆಳಗಿನಿಂದ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರಿನಷ್ಟು ಮೇಲೇರಬಹುದು. ಬೇಸಿಗೆಯಲ್ಲಿ ನದಿಯ ಹರಿವು ತಗ್ಗಿದಾಗ ಭರತದ ನೀರೂ ನದಿಯಲ್ಲಿ ಒಳಗೆ ಬರುತ್ತದೆ. ನಮ್ಮ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿ ಹಲಗೆ ಹಾಕುವುದು ಈ ಕಾರಣಕ್ಕೂ ಹೌದು. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬದಿಯ ಮನೆಯ ಬಾವಿ ಉಪ್ಪಾಗುವುದೆಂದರೆ ಆ ಮನೆಯ ಹೆಂಗಸರು ಕೊಡ ಹಿಡಿದು ದೂರ ನಡೆಯುವುದು ಎಂದೇ ಅರ್ಥ. ಅಂಥ ಹೊತ್ತಿನಲ್ಲಿ ಹೋಂಸ್ಟೇಯ ಶವರ್ ಕೆಳಗೆ ಅರ್ಧ ಗಂಟೆ ನಿಲ್ಲುವ ಅತಿಥಿಯಿಂದ ಊರಿಗೆ ಆಗುವ ಲಾಭ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಬಕೆಟ್ಟಿನಲ್ಲಿ ಸ್ನಾನ ಮಾಡಿ. ಊಟ, ತಿಂಡಿ, ಬೊಂಡ, ಮಾವು, ಹಲಸು ಎಲ್ಲವನ್ನೂ ಊರಿನಲ್ಲೇ ಕೊಳ್ಳಿ. ಪ್ಲಾಸ್ಟಿಕ್ಕನ್ನು ವಾಪಸು ಒಯ್ಯಿರಿ. ಸಣ್ಣ ಊರಿನಲ್ಲಿ ಕಸ ಎತ್ತುವ ವ್ಯವಸ್ಥೆ ಊರವರ ಕಸಕ್ಕೆ ಸಾಕಾಗುವಷ್ಟು ಮಾತ್ರ ಇರುತ್ತದೆ.

ನೀವೇ ಹುಡುಕಲು ನಾಲ್ಕು ದಾರಿಗಳು

ಮೊದಲನೆಯದು, ಭೂಪಟದಲ್ಲಿ ಹೆಸರುವಾಸಿ ಜಾಗಕ್ಕೆ ಬೆರಳಿಟ್ಟು ಅದೇ ನದಿ, ಅದೇ ಬೆಟ್ಟಸಾಲಿನಲ್ಲಿ ಒಂದು ನಿಲ್ದಾಣ ಆಚೆ ನೋಡಿ. ಬಸ್ರೂರಿನಂತೆಯೇ ವಾರಾಹಿಯ ದಡದಲ್ಲಿ ಹಟ್ಟಿಯಂಗಡಿ ಇದೆ. ಸಿದ್ಧಿವಿನಾಯಕನ ದೇವಸ್ಥಾನ, ಜೈನ ಬಸದಿ ಎರಡೂ ಅಲ್ಲಿವೆ. ಬ್ರಹ್ಮಾವರ ತಾಲೂಕಿನಲ್ಲಿ ಅಳುಪರ ರಾಜಧಾನಿಯಾಗಿದ್ದ ಬಾರ್ಕೂರಿದೆ, ಅಲ್ಲಿಯ ಕತ್ತಲೆ ಬಸದಿಯನ್ನು ನೋಡಲು ಯಾರೂ ಸಾಲುಗಟ್ಟಿ ನಿಂತಿರುವುದಿಲ್ಲ.

ಎರಡನೆಯದು, ಹುಡುಕುವ ಭಾಷೆ ಬದಲಿಸಿ. ಇಂಗ್ಲಿಷಿನಲ್ಲಿ 'ಕುಂದಾಪುರದ ಬಳಿ ನೋಡುವ ಜಾಗಗಳು' ಎಂದು ಹುಡುಕಿದರೆ ಮೇಲೆ ಬರುವುದು ಆಗಲೇ ಹೆಚ್ಚು ಜನ ಒತ್ತಿದ ಪುಟಗಳು. ಹಾಡಿನ ಪ್ರಯೋಗದ ಕತೆಯೇ ಇದು. ಕನ್ನಡದಲ್ಲಿ ಊರಿನ ಹೆಸರಿನ ಜೊತೆ 'ಶಾಸನ', 'ಬಸದಿ', 'ಕೋಟೆ', 'ಜಾತ್ರೆ' ಎಂದು ಸೇರಿಸಿ ಹುಡುಕಿ.

ಮೂರನೆಯದು, ಊರಿನ ಬದಲು ಹೊತ್ತು ಬದಲಿಸಿ. ಜನಸಂದಣಿ ಎಂಬುದು ಜಾಗಕ್ಕೆ ಎಷ್ಟು ಸೇರಿದ್ದೋ ಗಡಿಯಾರಕ್ಕೂ ಅಷ್ಟೇ ಸೇರಿದ್ದು. ಮರವಂತೆಯೂ ಮಂಗಳವಾರ ಬೆಳಗ್ಗೆ ಆರೂವರೆಗೆ ಬೇರೆಯೇ ಊರು.

ನಾಲ್ಕನೆಯದು, ಊರವರು ಬೇಸಿಗೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿ. ಕುಂದಾಪುರ ಕಡೆ ಅದಕ್ಕೆ ಉತ್ತರ ಆಟ, ಅಂದರೆ ಯಕ್ಷಗಾನ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯಂಥ ಮೇಳಗಳ ತಿರುಗಾಟ ಮೇ ಕೊನೆಯ ಹೊತ್ತಿಗೆ, ಪತ್ತನಾಜೆಯ ಸುಮಾರಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಹರಕೆಯ ಆಟಗಳು ಮನೆಯಂಗಳದಲ್ಲಿ, ಗದ್ದೆಯಲ್ಲಿ ನಡೆಯುತ್ತಲೇ ಇರುತ್ತವೆ. ಟಿಕೆಟ್ಟಿಲ್ಲ. ಹಗಲಿನ ಸೆಕೆ ಇಳಿದ ಮೇಲೆ ಶುರು. ಕೆಲವು ನಡುರಾತ್ರಿಗೆ ಮುಗಿಯುತ್ತವೆ, ಕೆಲವು ಬೆಳಗಿನವರೆಗೆ. ಇದನ್ನು ಯಾವ ಪ್ರವಾಸಿ ಪಟ್ಟಿಯೂ ತಾರೀಕು ಹಾಕಿ ಹೇಳುವುದಿಲ್ಲ, ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ "ಇವತ್ತು ಎಲ್ಲಾದರೂ ಆಟ ಇದೆಯಾ?" ಎಂದು ಕೇಳಿದರೆ ಗೊತ್ತಾಗುತ್ತದೆ.

ಹೊರಡುವ ಮುನ್ನ

ಹಳೆಯ ಗುಡಿ, ಬಸದಿಗಳು ಪಾಳುಬಿದ್ದಂತೆ ಕಂಡರೂ ಊರವರಿಗೆ ಪೂಜೆಯ ಜಾಗಗಳಾಗಿರಬಹುದು. ಕೇಳಿ ಒಳಗೆ ಹೋಗಿ, ಚಪ್ಪಲಿ ಹೊರಗೆ ಬಿಡಿ, ಕಲ್ಲಿನ ಮೇಲೆ ಹತ್ತಬೇಡಿ, ಶಾಸನದ ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ. ದೇವಸ್ಥಾನಗಳು ಮಧ್ಯಾಹ್ನ ಪೂಜೆಯಾದ ಮೇಲೆ ಸಂಜೆವರೆಗೆ ಮುಚ್ಚುವುದು ವಾಡಿಕೆ, ಅದಕ್ಕೆ ತಕ್ಕಂತೆ ಹೊತ್ತು ಇಟ್ಟುಕೊಳ್ಳಿ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಮೊದಲೇ ನೋಡಿಡಿ. ನೀರಿಗೆ ಇಳಿಯುವ ಮುನ್ನ ಊರವರೊಬ್ಬರನ್ನು ಕೇಳಿ. ಫೋಟೊ ಹಾಕುವಾಗ ಬಾವಿ ಕಟ್ಟೆಯ, ಮನೆಯಂಗಳದ ನಿಖರ ಜಾಗದ ಗುರುತನ್ನು ಹಾಕದಿರುವುದು ಆ ಮನೆಯವರಿಗೆ ನೀವು ಮಾಡುವ ಉಪಕಾರ.

ಇಷ್ಟನ್ನು ಮಾಡಿದರೆ ಬಸ್ರೂರಿಗೇ ಬರಬೇಕೆಂದಿಲ್ಲ. ಹಿಂದಿನ ದಾರಿಯಲ್ಲಿದ್ದು ಇಂದಿನ ದಾರಿಯಿಂದ ತಪ್ಪಿದ ಊರು ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಇದೆ. ನಿಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲೂ ಒಂದು ಇರಬಹುದು.